ಬ್ಯಾಟರಿ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು? ಮೆಟೀರಿಯಲ್ಸ್ ಮತ್ತು ಇಂಧನ ಸಂಶೋಧನೆಯ ಕೂಡುಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎಸ್ಸಿ., ಬಿ.ಇ. ವಿದ್ಯಾರ್ಥಿಗಳು, ಪಿಎಚ್‌ಡಿಗೆ ಈಗಷ್ಟೇ ಸೇರಿದವರು, ಪದವಿ ಕಾಲೇಜಿನ ಮೇಷ್ಟ್ರುಗಳು, ಇವರೆಲ್ಲ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಉದಾಹರಣೆಗಳಲ್ಲಿ ಲಿಥಿಯಂ ಬ್ಯಾಟರಿಗೆ ಹೆಚ್ಚು ಪಾಲು ಸಿಕ್ಕಿದೆ. ಈ ಕ್ಷೇತ್ರದಲ್ಲಿ ಯಾರು ಯಾರ ಜೊತೆ ಏನು ಮಾಡಿದರು ಎನ್ನುವುದಕ್ಕೆ ಅಷ್ಟು ಚೆನ್ನಾಗಿ ದಾಖಲಾಗಿರುವ ಕಥೆ ಇನ್ನೊಂದು ಸಿಗುವುದು ಕಷ್ಟ.

ಮೆಟೀರಿಯಲ್ಸ್ ಸೈನ್ಸ್‌ಗೆ ಅಂತಲೇ ಒಂದು ಡಿಪಾರ್ಟ್‌ಮೆಂಟ್ ಇದೆಯಲ್ಲ. ಬೇರೆಯವರು ಯಾಕೆ ಬೇಕು?

ನಿಮ್ಮ ಮೊಬೈಲಿನ ಬ್ಯಾಟರಿಯನ್ನೇ ತಗೊಳ್ಳಿ. ಅದರ ಕ್ಯಾಥೋಡಿನ (ಧನ ಧ್ರುವದ) ಪುಡಿ ತಯಾರಿಸುವುದು ಘನಸ್ಥಿತಿ ರಸಾಯನಶಾಸ್ತ್ರದ ಕೆಲಸ. ಆ ಪುಡಿಯೊಳಗೆ ಎಲೆಕ್ಟ್ರಾನುಗಳ ಶಕ್ತಿಮಟ್ಟ ಎಲ್ಲಿದೆ, ಅದರಿಂದ ಎಷ್ಟು ವೋಲ್ಟೇಜ್ ಹುಟ್ಟೀತು ಎಂದು ಹೇಳುವವರು ಭೌತಶಾಸ್ತ್ರದವರು. ಲಿಥಿಯಂ ಅಯಾನು ಎಷ್ಟು ಬೇಗ ಒಳಗೆ ಹೋಗಿ ಹೊರಗೆ ಬರುತ್ತದೆ ಎನ್ನುವುದನ್ನು ಎಲೆಕ್ಟ್ರೋಕೆಮಿಸ್ಟ್ರಿಯವರು ಅಳೆಯುತ್ತಾರೆ. ಪುಡಿಯನ್ನು ಅಂಟಿನ ಜೊತೆ, ಕಾರ್ಬನ್ ಜೊತೆ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದೇ ದಪ್ಪಕ್ಕೆ ಬಳಿಯುವುದು ಕೆಮಿಕಲ್ ಎಂಜಿನಿಯರಿಂಗ್. ಹುಟ್ಟಿದ ಬಿಸಿಯನ್ನು ಹೊರಹಾಕುವುದು ಮೆಕ್ಯಾನಿಕಲ್, ಚಾರ್ಜಿನ ಲೆಕ್ಕ ಇಡುವುದು ಎಲೆಕ್ಟ್ರಿಕಲ್. ಕೋಬಾಲ್ಟು ಕಾಂಗೋದ ಯಾವ ಗಣಿಯಿಂದ ಬಂತು, ಅಲ್ಲಿ ದುಡಿದವರು ಯಾರು ಎಂದು ಕೇಳಹೊರಟರೆ ಅರ್ಥಶಾಸ್ತ್ರ, ಸಮಾಜಶಾಸ್ತ್ರದವರೂ ಬಂದು ಕೂರುತ್ತಾರೆ.

ಇವರೆಲ್ಲ ತಮ್ಮ ತಮ್ಮ ಭಾಗವನ್ನು ಚೆನ್ನಾಗಿ ಮಾಡಿಟ್ಟರೆ ಜೋಡಿಸಿಕೊಂಡರಾಯಿತು ಎನ್ನುವಂತಿದ್ದರೆ ತಲೆನೋವೇ ಇರಲಿಲ್ಲ. ಒಬ್ಬರಿಗೆ ಒಳ್ಳೆಯದು ಅನ್ನಿಸಿದ್ದು ಮುಂದಿನವರ ಕೈಯಲ್ಲಿ ಕೆಡುತ್ತದೆ. ಕಣ ಸಣ್ಣದಾದಷ್ಟೂ ಅಯಾನು ಬೇಗ ಓಡಾಡುತ್ತದೆ ಎಂದು ಕೆಮಿಸ್ಟ್ ನ್ಯಾನೊ ಪುಡಿ ಮಾಡುತ್ತಾರೆ. ಅದೇ ನ್ಯಾನೊ ಪುಡಿ ಹಾಳೆಯ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಅಂಟು ಜಾಸ್ತಿ ಬೇಡುತ್ತದೆ, ಎಲೆಕ್ಟ್ರೊಲೈಟಿನ (ಎರಡು ಧ್ರುವಗಳ ನಡುವೆ ಅಯಾನು ಸಾಗಿಸುವ ದ್ರವದ) ಜೊತೆ ಬೇಡದ ಕ್ರಿಯೆಗಳೂ ಹೆಚ್ಚುತ್ತವೆ. ಎಂಜಿನಿಯರ್ ತಲೆ ಚಚ್ಚಿಕೊಳ್ಳುತ್ತಾರೆ. ಈ ಹಗ್ಗಜಗ್ಗಾಟ ಒಂದೇ ಮೇಜಿನಲ್ಲಿ ನಡೆಯಲಿ ಎಂದೇ ಕೂಡುಕೆಲಸ.

ನಿಜವಾಗಿ ಫಲ ಕೊಟ್ಟ ಒಂದು ಉದಾಹರಣೆ ಹೇಳಿ.

1976ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ನಿರವಯವ ರಸಾಯನಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥರ ಕುರ್ಚಿಗೆ ಒಬ್ಬ ಭೌತವಿಜ್ಞಾನಿಯನ್ನು ಕರೆತಂದಿತು. ಜಾನ್ ಗುಡ್‌ಇನಫ್ ಯೇಲ್‌ನಲ್ಲಿ ಗಣಿತ ಓದಿದವರು, ಷಿಕಾಗೊದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು, ಎಂಐಟಿಯ ಲಿಂಕನ್ ಲ್ಯಾಬಿನಲ್ಲಿ ಕಂಪ್ಯೂಟರ್ ಮೆಮೊರಿಗೆ ಬೇಕಾದ ಕಾಂತೀಯ ಆಕ್ಸೈಡುಗಳ ಮೇಲೆ ಕೆಲಸ ಮಾಡಿದವರು. ಕ್ಲಾಸಿನಲ್ಲಿ ಕೂತು ಕಲಿತ ಕೆಮಿಸ್ಟ್ರಿ ತೀರಾ ಕಡಿಮೆ. ನಮ್ಮಲ್ಲಿ ಇಂಥ ಅರ್ಜಿ ಸ್ಕ್ರೂಟಿನಿ ಹಂತದಲ್ಲೇ ಬಿದ್ದುಹೋಗುತ್ತಿತ್ತು ಅಂತ ನನ್ನ ಅನುಮಾನ.

ಆ ಹೊತ್ತಿಗೆ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ತೂರಿಸಿ, ಮತ್ತೆ ಚಾರ್ಜ್ ಆಗುವ ಬ್ಯಾಟರಿ ಮಾಡಿ ತೋರಿಸಿದ್ದರು. ಅದರ ವೋಲ್ಟೇಜ್ ಎರಡರಿಂದ ಎರಡೂವರೆ ವೋಲ್ಟಿನ ಆಸುಪಾಸು. ಆಕ್ಸೈಡುಗಳನ್ನು ವರ್ಷಗಟ್ಟಲೆ ನೋಡಿದ್ದ ಗುಡ್‌ಇನಫ್‌ಗೆ ಇದರ ಮೇಲಿನ ಮಿತಿ ಎಲ್ಲಿಂದ ಬರುತ್ತಿದೆ ಎನ್ನುವುದು ಕಾಣಿಸಿತು. ಸಲ್ಫೈಡಿನಲ್ಲಿ ಗಂಧಕದ ಎಲೆಕ್ಟ್ರಾನುಗಳ ಶಕ್ತಿಮಟ್ಟವೇ ವೋಲ್ಟೇಜನ್ನು ತಡೆಹಿಡಿಯುತ್ತದೆ. ಆಕ್ಸಿಜನ್‌ನ ಮಟ್ಟ ಅದಕ್ಕಿಂತ ಕೆಳಗಿದೆ, ಹಾಗಾಗಿ ಆಕ್ಸೈಡಿನಲ್ಲಿ ಹೆಚ್ಚು ವೋಲ್ಟೇಜ್ ಸಿಗಲೇಬೇಕು. ಉಳಿದ ಪ್ರಶ್ನೆ ಒಂದೇ: ಪದರ ಪದರವಾಗಿರುವ ಲಿಥಿಯಂ ಕೋಬಾಲ್ಟ್ ಆಕ್ಸೈಡಿನಿಂದ ಲಿಥಿಯಮ್ಮನ್ನು ಎಳೆಯುತ್ತಾ ಹೋದರೆ ಅದು ಎಲ್ಲಿಯವರೆಗೆ ಕುಸಿಯದೆ ನಿಂತೀತು?

ಇದನ್ನು ಪರೀಕ್ಷಿಸಲು ಕೂತವರು ಟೋಕಿಯೊ ವಿಶ್ವವಿದ್ಯಾಲಯದಿಂದ ಬಂದಿದ್ದ ಭೌತವಿಜ್ಞಾನಿ ಕೊಯಿಚಿ ಮಿಜುಶಿಮಾ. ಕೆಮಿಸ್ಟ್ರಿಯ ಕಡೆಯಿಂದ ಫಿಲಿಪ್ ಜೋನ್ಸ್, ಫಿಲಿಪ್ ವೈಸ್‌ಮನ್ ಜೊತೆಗೂಡಿದರು. ಅರ್ಧದಷ್ಟು ಲಿಥಿಯಂ ತೆಗೆದರೂ ರಚನೆ ನಿಂತಿತು, ವೋಲ್ಟೇಜ್ ಸುಮಾರು 4ಕ್ಕೆ ಏರಿತು. 1980ರಲ್ಲಿ ನಾಲ್ವರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. 2010ರಲ್ಲಿ ಆ ಪ್ರಯೋಗಾಲಯದ ಗೋಡೆಗೆ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಹಾಕಿದ ಫಲಕದಲ್ಲೂ ನಾಲ್ಕೂ ಹೆಸರುಗಳಿವೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1981ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಿಂದ ಮೈಕೆಲ್ ಥ್ಯಾಕರೆ ಸ್ಪಿನೆಲ್ ರಚನೆಯ ಆಕ್ಸೈಡುಗಳ ಯೋಚನೆ ಹೊತ್ತು ಅಲ್ಲಿಗೆ ಬಂದರು. ಗುಡ್‌ಇನಫ್‌ಗೆ ಮೊದಲು ನಂಬಿಕೆ ಹುಟ್ಟಲಿಲ್ಲ. ಸ್ಪಿನೆಲ್ ತೀರಾ ಗಟ್ಟಿಯಾಗಿ ಕಟ್ಟಿದ ರಚನೆ, ಅದರೊಳಗೆ ಲಿಥಿಯಮ್ಮಿಗೆ ಎಡೆ ಎಲ್ಲಿದೆ ಎಂಬ ಸಂಶಯ. ಥ್ಯಾಕರೆ ಹಾಕಿ ತೋರಿಸಿದರು. ಮ್ಯಾಂಗನೀಸ್ ಸ್ಪಿನೆಲ್ ಬಗೆಗಿನ 1983ರ ಪ್ರಬಂಧದಲ್ಲಿ ಇವರಿಬ್ಬರ ಜೊತೆ ಸ್ಫಟಿಕ ರಚನೆಯನ್ನು ಬಿಡಿಸಬಲ್ಲ ಬಿಲ್ ಡೇವಿಡ್ ಇದ್ದಾರೆ, ಆಗಿನ್ನೂ ಎಳೆಯ ಸಂಶೋಧಕರಾಗಿದ್ದ ಪೀಟರ್ ಬ್ರೂಸ್ ಇದ್ದಾರೆ. ಬ್ರೂಸ್ ಅವರ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಜನರ ಓಡಾಟ. ಟೋಕಿಯೊ, ಪ್ರಿಟೋರಿಯಾದಿಂದ ಒಬ್ಬೊಬ್ಬರು ಬಂದು ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿ ಕೂತು ಕೆಲಸ ಮಾಡಿದರು. ದೊಡ್ಡ ಒಪ್ಪಂದ, ಉದ್ಘಾಟನೆ, ಫೋಟೊ ಯಾವುದೂ ಇದರ ಹಿಂದೆ ಇರಲಿಲ್ಲ.

ಹಾಗಾದರೆ ಕಂಪನಿಗಳ ಪಾತ್ರ ಏನು? ಸೋನಿ ಮಾಡಿದ್ದು ಅಂತ ಓದಿದ ನೆನಪು.

ಮಾರುಕಟ್ಟೆಗೆ ತಂದದ್ದು ಸೋನಿ, 1991ರಲ್ಲಿ. ನಡುವೆ ಅಸಾಹಿ ಕಸೇಯ್ ಕಂಪನಿಯ ಅಕಿರಾ ಯೋಶಿನೊ ಇದ್ದಾರೆ. ಅವರು ಹೊರಟದ್ದು ಬ್ಯಾಟರಿಯಿಂದಲ್ಲ, ಪಾಲಿಅಸಿಟಿಲೀನ್ ಎಂಬ ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಿನಿಂದ. ಅದನ್ನು ಆನೋಡ್ (ಋಣ ಧ್ರುವ) ಮಾಡಿ, ಎದುರಿಗೆ ಆಕ್ಸ್‌ಫರ್ಡಿನ ಕೋಬಾಲ್ಟ್ ಆಕ್ಸೈಡ್ ಇಟ್ಟರು. ಆಮೇಲೆ ಪ್ಲಾಸ್ಟಿಕ್ ಬಿಟ್ಟು ಪೆಟ್ರೋಲಿಯಂ ಕೋಕ್ ಎಂಬ ಕಾರ್ಬನ್ನಿಗೆ ಹೋದರು. 1985ರ ಹೊತ್ತಿಗೆ ಇವತ್ತಿನ ಲಿಥಿಯಂ ಅಯಾನು ಬ್ಯಾಟರಿಯ ರೂಪ ಸಿಕ್ಕಿತು. 2019ರ ರಸಾಯನಶಾಸ್ತ್ರ ನೊಬೆಲ್ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ ಬಂತು. ಆಗ ಗುಡ್‌ಇನಫ್‌ಗೆ 97 ವರ್ಷ.

ಪಾಲಿಅಸಿಟಿಲೀನಿನ ಹಿಂದೆಯೂ ಇಂಥದ್ದೇ ಕಥೆ. ಟೋಕಿಯೊದಲ್ಲಿ ಹಿದೆಕಿ ಶಿರಾಕಾವಾ ಅವರ ಪ್ರಯೋಗಾಲಯದಲ್ಲಿ ಯಾರೋ ಕ್ಯಾಟಲಿಸ್ಟನ್ನು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು, ಕಪ್ಪು ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ತೆಳುಪೊರೆ ಬಂತು. 1975ರಲ್ಲಿ ಟೋಕಿಯೊಗೆ ಉಪನ್ಯಾಸಕ್ಕೆ ಬಂದಿದ್ದ ಪೆನ್ಸಿಲ್ವೇನಿಯಾದ ಕೆಮಿಸ್ಟ್ ಅಲನ್ ಮ್ಯಾಕ್‌ಡಯರ್ಮಿಡ್ ಚಹಾ ಕುಡಿಯುತ್ತಾ ಅದನ್ನು ನೋಡಿ ಶಿರಾಕಾವಾ ಅವರನ್ನು ಅಮೆರಿಕಕ್ಕೆ ಕರೆದರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಇದ್ದರು. ಅಯೋಡಿನ್ ಹಬೆ ತಾಗಿಸಿದ್ದೇ ತಡ, ಪೊರೆಯ ವಿದ್ಯುತ್ ವಾಹಕತೆ ಲಕ್ಷಗಟ್ಟಲೆ ಪಟ್ಟು ಜಿಗಿಯಿತು. 2000ದ ನೊಬೆಲ್ ಈ ಮೂವರಿಗೆ. ಹೀಗರ್ ಮೊದಲು ಗಂಧಕ, ಸಾರಜನಕಗಳ ಪಾಲಿಮರ್ ಬಗ್ಗೆ ಮಾತೆತ್ತಿದಾಗ ಎಸ್-ಎನ್ ಎನ್ನುವುದನ್ನು ಮ್ಯಾಕ್‌ಡಯರ್ಮಿಡ್ ತವರ (ಅದರ ಸಂಕೇತವೂ Sn) ಎಂದು ತಿಳಿದು, ಲೋಹ ವಿದ್ಯುತ್ ಹರಿಸುವುದರಲ್ಲಿ ಏನು ವಿಶೇಷ ಅಂದುಕೊಂಡರಂತೆ. ನೊಬೆಲ್ ತಂಡವೂ ಶುರುವಾಗುವುದು ಹೀಗೆಯೇ.

ಇದರಲ್ಲಿ ಬೆಂಗಳೂರಿನ ಪಾಲು ಏನಾದರೂ ಇದೆಯೇ?

ಇದೆ, ಮತ್ತು ಅದು ಅಷ್ಟಾಗಿ ಪ್ರಚಾರ ಆಗಿಲ್ಲ. ಇವತ್ತು ಎಲೆಕ್ಟ್ರಿಕ್ ಬಸ್ಸು, ಆಟೊ, ಮನೆಯ ಇನ್ವರ್ಟರ್‌ಗಳಲ್ಲಿ ಎಲ್‌ಎಫ್‌ಪಿ ಎಂಬ ಬ್ಯಾಟರಿ ಬರುತ್ತಿದೆಯಲ್ಲ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಅದರ ಮೂಲ ಪ್ರಬಂಧ ಬಂದದ್ದು 1997ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಿಂದ. ಲೇಖಕರು ಮೂವರು: ಅಕ್ಷಯ ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಅದಕ್ಕೆ ಮೊದಲು ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕದಲ್ಲಿ ಜೆ. ಗೋಪಾಲಕೃಷ್ಣನ್ ಅವರ ಜೊತೆ ಕೆಲಸ ಮಾಡಿದವರು. ಆ ಘಟಕವನ್ನು 1976ರಲ್ಲಿ ಕಟ್ಟಿದವರು ಸಿ.ಎನ್.ಆರ್. ರಾವ್. ಫಾಸ್ಫೇಟ್, ಸಲ್ಫೇಟ್‌ನಂಥ ಗುಂಪುಗಳನ್ನು ಸೇರಿಸಿದರೆ ಅಗ್ಗದ ಕಬ್ಬಿಣದಲ್ಲೂ ವೋಲ್ಟೇಜ್ ಏರಿಸಬಹುದು ಎಂಬುದಕ್ಕೆ ದಾರಿ ಮಾಡಿದವರಲ್ಲಿ ಮದ್ರಾಸ್ ಐಐಟಿಯಿಂದ ಹೋಗಿ ಗುಡ್‌ಇನಫ್ ಜೊತೆ ಸೇರಿದ ಅರುಮುಗಂ ಮಂತಿರಾಮ್ ಒಬ್ಬರು. 2019ರಲ್ಲಿ ಸ್ಟಾಕ್‌ಹೋಮಿನಲ್ಲಿ ಗುಡ್‌ಇನಫ್ ಪರವಾಗಿ ನೊಬೆಲ್ ಉಪನ್ಯಾಸ ಓದಿದವರೂ ಅವರೇ.

1997ರಲ್ಲಿ ಆ ಫಾಸ್ಫೇಟ್ ಸಪ್ಪೆ ವಸ್ತುವಾಗಿತ್ತು. ವಿದ್ಯುತ್ ಸರಿಯಾಗಿ ಹರಿಸುತ್ತಿರಲಿಲ್ಲ, ನಿಧಾನಕ್ಕೆ ಚಾರ್ಜ್ ಮಾಡಿದರಷ್ಟೇ ಸ್ವಲ್ಪ ಕೆಲಸ ಮಾಡುತ್ತಿತ್ತು. ಅದರ ಕಣಗಳಿಗೆ ಕಾರ್ಬನ್ ಲೇಪಿಸಿ ಎಬ್ಬಿಸಿದವರು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯ ಮತ್ತು ಹೈಡ್ರೊ-ಕ್ಯುಬೆಕ್ ಎಂಬ ವಿದ್ಯುತ್ ಕಂಪನಿಯ ಜನ. ಈಗ ಚೀನಾದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದು.

ಸಾಂಸ್ಥಿಕ ಮಟ್ಟದ ಉದಾಹರಣೆ ಬೇಕಿದ್ದರೆ ಸೀರಿಯಸ್ ಎಂಬ ಭಾರತ-ಅಮೆರಿಕ ಸೌರಶಕ್ತಿ ಸಂಶೋಧನಾ ಒಕ್ಕೂಟ. 2012ರಲ್ಲಿ ಐದು ವರ್ಷಕ್ಕೆಂದು ಶುರುವಾಯಿತು. ನಮ್ಮ ಕಡೆ ಐಐಎಸ್‌ಸಿ, ಅವರ ಕಡೆ ಕೊಲೊರಾಡೊದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಮುಂದಾಳುಗಳು. ಭಾರತದ ಕಡೆಯ ಮುಖ್ಯಸ್ಥರಾಗಿದ್ದ ಕಾಮಾನಿಯೊ ಚಟ್ಟೋಪಾಧ್ಯಾಯ ಮೂಲತಃ ಲೋಹಶಾಸ್ತ್ರದವರು. ಅಲ್ಲಿಂದ ಹೊರಬಂದ ಕೆಲಸಗಳಲ್ಲಿ ನನಗೆ ಇಷ್ಟವಾದದ್ದು, ಐಐಎಸ್‌ಸಿಯಲ್ಲಿ ಕಟ್ಟಿದ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್ ಪರೀಕ್ಷಾ ಲೂಪ್. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ, ಸುಮಾರು 74 ಬಾರ್ ಒತ್ತಡ ದಾಟಿದರೆ ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಹೋಗುತ್ತದೆ. ಹಬೆಯ ಬದಲು ಅದನ್ನು ಓಡಿಸಿದರೆ ಟರ್ಬೈನ್ ತೀರಾ ಸಣ್ಣದಾಗುತ್ತದೆ. ಆದರೆ ಆ ಒತ್ತಡದಲ್ಲಿ, ಆ ಬಿಸಿಯಲ್ಲಿ ಪೈಪಿನ ಲೋಹ ಎಷ್ಟು ದಿನ ಬಾಳೀತು? ಮೆಕ್ಯಾನಿಕಲ್‌ನವರ ವಿನ್ಯಾಸ ಇಲ್ಲಿ ಬಂದು ಮೆಟಲರ್ಜಿಯವರ ಬಾಗಿಲು ತಟ್ಟುತ್ತದೆ.

ನಾನು ಫಿಸಿಕ್ಸ್ ಓದಿದವಳು. ಕೆಮಿಸ್ಟ್ರಿಯನ್ನು ಮೊದಲಿನಿಂದ ಕಲಿಯಬೇಕಾ?

ಬೇಡ. ಎದುರಿನವರ ಒಂದು ಪ್ರಬಂಧವನ್ನು ಓದಿ, ಅದರಲ್ಲಿ ಯಾವ ಗ್ರಾಫ್ ಮುಖ್ಯ, ಯಾವುದು ಸುಮ್ಮನೆ ಹಾಕಿದ್ದು ಎಂದು ಗುರುತಿಸುವಷ್ಟು ಕಲಿತರೆ ಸಾಕು. ಅಷ್ಟಕ್ಕೇ ಆರು ತಿಂಗಳು, ವರ್ಷ ಹಿಡಿಯಬಹುದು. ಎರಡೂ ಕಡೆ ಅರೆಬರೆ ತಿಳಿದವರಿಗಿಂತ ಒಂದು ಕಡೆ ಆಳವಾಗಿ ತಿಳಿದು, ಇನ್ನೊಂದು ಕಡೆ ನಾಚಿಕೆಯಿಲ್ಲದೆ ಪ್ರಶ್ನೆ ಕೇಳುವವರು ತಂಡಕ್ಕೆ ಹೆಚ್ಚು ಬೇಕಾಗುತ್ತಾರೆ.

ನಮ್ಮ ವಿಶ್ವವಿದ್ಯಾಲಯ ಈಗಾಗಲೇ ಎಂಟು ಹತ್ತು ಎಂಒಯು (ಒಡಂಬಡಿಕೆ ಪತ್ರ) ಮಾಡಿಕೊಂಡಿದೆ. ಏನೂ ಆಗುತ್ತಿಲ್ಲವಲ್ಲ?

ಎಂಒಯುನಿಂದ ಬಾಗಿಲ ಬೀಗ ತೆಗೆದಂತಾಗುತ್ತದೆ, ಒಳಗೆ ಹೋಗುವವರು ಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಗಡಿಬಿಡಿಯಲ್ಲಿ ಸಹಿಯಾದ ಒಪ್ಪಂದಗಳಲ್ಲಿ ಹೆಚ್ಚಿನವು ಫೈಲಿನಲ್ಲೇ ಉಳಿಯುತ್ತವೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೆಲಸ ಆಗಬೇಕಾದರೆ ಒಪ್ಪಂದದಲ್ಲಿ ಮೂರು ವಿಷಯ ನೋಡಿ: ಓಡಾಟದ ಖರ್ಚು ಯಾವ ಹೆಡ್‌ನಿಂದ, ಉಪಕರಣದ ಸ್ಲಾಟ್ ಯಾರಿಗೆ ಎಷ್ಟು ಗಂಟೆ, ವಿದ್ಯಾರ್ಥಿ ಅಲ್ಲಿ ಹೋಗಿ ತಿಂಗಳು ಕೂತರೆ ಇಲ್ಲಿ ಹಾಜರಿ ಹೇಗೆ. ಇವು ಇಲ್ಲದಿದ್ದರೆ ಕುಲಪತಿಗಳ ಕೈಕುಲುಕಾಟದ ಫೋಟೊ ಚೆನ್ನಾಗಿ ಬಂದಿದೆ ಎಂದುಕೊಂಡು ಸುಮ್ಮನಿರಬಹುದು.

ಒಪ್ಪಂದಕ್ಕೆ ಮೊದಲೇ ಕೆಲಸ ಶುರುಮಾಡಿ ಎಂದು ನಾನು ಹೇಳುತ್ತೇನೆ. ಒಂದು ಸ್ಯಾಂಪಲ್, ಒಂದು ಅಳತೆ, ಒಂದು ಗ್ರಾಫ್. ಅದು ಇಬ್ಬರಿಗೂ ಕುತೂಹಲ ಹುಟ್ಟಿಸಿದರೆ ಕಾಗದಪತ್ರ ಆಮೇಲೆ ತಾನಾಗಿ ಬರುತ್ತದೆ.

ಸ್ಯಾಂಪಲ್ ಕಳಿಸಿದೆವು, ಅವರಿಗೆ ಬಂದ ಫಲಿತಾಂಶ ನಮ್ಮದಕ್ಕೆ ತಾಳೆಯಾಗುತ್ತಿಲ್ಲ. ಯಾರದು ತಪ್ಪು?

ಸಾಮಾನ್ಯವಾಗಿ ಇಬ್ಬರದೂ ಅಲ್ಲ, ದಾರಿಯದ್ದು. ಬ್ಯಾಟರಿಯ ಪುಡಿಗಳಲ್ಲಿ ಹಲವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ನಿಕ್ಕಲ್ ಹೆಚ್ಚಿರುವ ಕ್ಯಾಥೋಡ್ ಪುಡಿಯಂತೂ ಗಾಳಿಯಲ್ಲಿ ಬಿಟ್ಟರೆ ಮೈಮೇಲೆ ಲಿಥಿಯಂ ಕಾರ್ಬೊನೇಟ್ ಬೆಳೆಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಗಳೂರಿನಿಂದ ಕೊರಿಯರ್‌ಗೆ ಹಾಕಿದ ಪುಡಿ, ಬೇಸಿಗೆಯಲ್ಲಿ ಕಲಬುರಗಿಯಿಂದ ಹೊರಟ ಪುಡಿ ಒಂದೇ ಸೀಸೆಯಿಂದ ತೆಗೆದದ್ದಾದರೂ ತಲುಪುವಾಗ ಒಂದೇ ಆಗಿರುವುದಿಲ್ಲ.

ಒಂದು ಕಾಯಿನ್ ಸೆಲ್ ಹೇಗೆ ತಯಾರಾಗುತ್ತದೆ ನೋಡಿದರೆ ಎಲ್ಲೆಲ್ಲಿ ಎಡವಬಹುದು ಎಂದು ಗೊತ್ತಾಗುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಬಿಲ್ಲೆ ಅದು. ಸಕ್ರಿಯ ಪುಡಿ, ಕಾರ್ಬನ್ ಬ್ಲ್ಯಾಕ್, ಪಿವಿಡಿಎಫ್ ಅಂಟು ಇವನ್ನು ಎನ್‌ಎಂಪಿ ದ್ರಾವಕದಲ್ಲಿ ಕಲಸಿ ಸ್ಲರಿ ಮಾಡಬೇಕು. ಗಂಟು ಉಳಿಯಬಾರದು, ತೀರಾ ನೀರೂ ಆಗಬಾರದು. ಅದನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಬ್ಲೇಡಿನಿಂದ ಎಳೆದು, ವ್ಯಾಕ್ಯೂಮ್ ಅವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ದುಂಡಗೆ ಕತ್ತರಿಸಿ, ತೂಗಿ, ಗ್ಲೋವ್ ಬಾಕ್ಸ್ ಎಂಬ ಗಾಳಿ ಹೋಗದ ಪೆಟ್ಟಿಗೆಯೊಳಗೆ ಒಯ್ಯಬೇಕು. ಒಳಗೆ ಆರ್ಗಾನ್. ನೀರು, ಆಕ್ಸಿಜನ್ ಎರಡೂ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ದಪ್ಪ ರಬ್ಬರ್ ಕೈಗವಸಿನಲ್ಲಿ ಚಿಮಟ ಹಿಡಿದು ಸೆಪರೇಟರನ್ನು (ಎರಡು ಧ್ರುವ ತಾಗದಂತೆ ತಡೆಯುವ ತೆಳುಪೊರೆಯನ್ನು) ನಡುಮಧ್ಯ ಕೂರಿಸುವುದು ಮೊದಮೊದಲು ಯಾರ ಕೈಲೂ ಆಗುವುದಿಲ್ಲ. ಒಂದಿಷ್ಟು ನೀರಿನಂಶ ಉಳಿದಿದ್ದರೂ ಎಲೆಕ್ಟ್ರೊಲೈಟಿನ ಲವಣ ಒಡೆದು ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟಿ ಕ್ಯಾಥೋಡನ್ನು ತಿನ್ನುತ್ತದೆ.

ಆದ್ದರಿಂದ ಸೀಸೆಯ ಮೇಲೆ ‘ಎಲ್‌ಎಫ್‌ಪಿ, ಒಣಗಿಸಿದ್ದು’ ಎಂದಷ್ಟೇ ಬರೆದು ಕಳಿಸಬೇಡಿ. ಎಷ್ಟು ಡಿಗ್ರಿಯಲ್ಲಿ, ಎಷ್ಟು ಗಂಟೆ, ವ್ಯಾಕ್ಯೂಮಿನಲ್ಲೋ ಗಾಳಿಯಲ್ಲೋ, ಯಾವ ದಿನ, ಸೀಸೆ ಮುಚ್ಚಿದ್ದು ಎಲ್ಲಿ, ಬ್ಯಾಚ್ ಯಾವುದು ಎಲ್ಲ ಬರೆಯಿರಿ. ಕೆಮಿಸ್ಟ್ರಿಯವರು ಒಣಗಿದೆ ಎಂದಾಗ ಒಂದು ಅಳತೆ ಮನಸ್ಸಿನಲ್ಲಿರುತ್ತದೆ, ಸೆಲ್ ಕಟ್ಟುವವರಿಗೆ ಇನ್ನೊಂದು. ಜೊತೆಗೆ ಎಲ್ಲರಿಗೂ ಗೊತ್ತಿರುವ ಒಂದು ಕಂಪನಿ ಪುಡಿಯನ್ನು ತರಿಸಿ ಎರಡೂ ಲ್ಯಾಬಿನಲ್ಲಿ ಸೆಲ್ ಕಟ್ಟಿ ನೋಡಿ. ಅದರಲ್ಲೇ ವ್ಯತ್ಯಾಸ ಬಂದರೆ ಹೊಸ ವಸ್ತುವಿನ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ.

ಇನ್ನೂ ಒಂದು. ಹಾಳೆಯ ಮೇಲೆ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಪುಡಿ ಕೂತಿದೆ? ಒಂದೆರಡು ಮಿಲಿಗ್ರಾಂ ತೆಳುವಾಗಿ ಬಳಿದರೆ ಎಂಥ ವಸ್ತುವೂ ಬೇಗ ಚಾರ್ಜ್ ಆಗಿ ಚೆಂದ ಕಾಣುತ್ತದೆ. ನಿಜವಾದ ಬ್ಯಾಟರಿಯಲ್ಲಿ ಅದರ ಹತ್ತು ಪಟ್ಟು ಇರುತ್ತದೆ. ಎಂಜಿನಿಯರ್ ಮೊದಲು ಕೇಳುವುದು ಈ ಅಂಕಿ. ಪ್ರಬಂಧದಲ್ಲಿ ಅದನ್ನು ಬರೆಯದೆ ಬಿಟ್ಟಿದ್ದರೆ ನಾನು ಮುಂದೆ ಓದುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಸ್ಫಟಿಕ ರಚನೆ ನೋಡುವ ಉಪಕರಣ) ಕೂಡ ಇಲ್ಲ. ನಾವು ಎಲ್ಲಿಂದ ಶುರುಮಾಡುವುದು?

ಇಲ್ಲದ್ದನ್ನು ಕೊಳ್ಳುವುದಕ್ಕಿಂತ ಇರುವಲ್ಲಿಗೆ ಹೋಗುವುದು ಸುಲಭ. ದೇಶದ ಉಪಕರಣಗಳ ಪಟ್ಟಿ, ಬುಕಿಂಗ್ ಎರಡೂ ಇರುವ ಐ-ಸ್ಟೆಮ್ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಕಾಲೇಜುಗಳವರಿಗೆ ತರಬೇತಿ ಕೊಟ್ಟು, ಅಲ್ಲಿನ ಉಪಕರಣ ಬಳಸಲು ಬಿಡುವ ಐಎನ್‌ಯುಪಿ ಕಾರ್ಯಕ್ರಮ ಇದೆ. ವಿಶ್ವವಿದ್ಯಾಲಯದವರಿಗೆ ಪರಮಾಣು ಇಂಧನ ಇಲಾಖೆಯ ಸೌಲಭ್ಯಗಳನ್ನು ತೆರೆದುಕೊಡಲೆಂದೇ ಯುಜಿಸಿ-ಡಿಎಇ ಒಕ್ಕೂಟ ಇಂದೋರ್, ಮುಂಬೈ, ಕೋಲ್ಕತ್ತಾಗಳಲ್ಲಿ ಕೆಲಸ ಮಾಡುತ್ತದೆ. ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಎಕ್ಸ್-ರೇ ಬೇಕಾದರೆ ಇಂದೋರಿನ ಇಂಡಸ್-2 ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಇಂಥದ್ದೇ ಪೆಟ್ರಾ-3ರಲ್ಲಿ ಭಾರತೀಯರಿಗೆ ಸಮಯ ಸಿಗುವ ವ್ಯವಸ್ಥೆಯಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಪಾತ್ರ ಇದೆ. ರಾಜ್ಯ ಸರ್ಕಾರದ ವಿಷನ್ ಗ್ರೂಪ್, ಕೆ-ಫಿಸ್ಟ್‌ನಂಥ ಯೋಜನೆಯಲ್ಲಿ ಕಾಲೇಜುಗಳಿಗೂ ಅನುದಾನ ಕೊಟ್ಟಿದೆ. ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ಎಎನ್‌ಆರ್‌ಎಫ್‌ನ ‘ಪೇರ್’ ಯೋಜನೆಯಲ್ಲಿ ದೊಡ್ಡ ಸಂಸ್ಥೆಯೊಂದು ಹಬ್ ಆಗಿ, ರಾಜ್ಯದ ವಿಶ್ವವಿದ್ಯಾಲಯಗಳನ್ನು ಜೊತೆಗೆ ಕಟ್ಟಿಕೊಂಡು ಹೋಗಬೇಕು. ಅರ್ಜಿ ಕರೆದಾಗ ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗ ಎಚ್ಚರ ಇದೆಯೇ ಎಂದು ನೋಡಿ.

ಇನ್ನು ಜಿಲ್ಲಾ ಕೇಂದ್ರದ ಕಾಲೇಜಿಗೆ ಇರುವ ಅನುಕೂಲ ಮಹಾನಗರದ ಲ್ಯಾಬಿಗೆ ಇಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟಿನದ್ದು. ಅಲ್ಲಿನ ಪ್ಯಾನೆಲ್‌ಗಳ ಮೇಲೆ ಕೂರುವ ಧೂಳು ಯಾವ ತಿಂಗಳಲ್ಲಿ ಎಷ್ಟು, ಅದರಲ್ಲಿ ಜೇಡಿ ಎಷ್ಟು ಮರಳು ಎಷ್ಟು, ಇಬ್ಬನಿ ಬಿದ್ದರೆ ಹೇಗೆ ಅಂಟುತ್ತದೆ ಎಂದು ವರ್ಷಪೂರ್ತಿ ಸ್ಯಾಂಪಲ್ ತೆಗೆಯಬಲ್ಲವರು ತುಮಕೂರು ಕಡೆಯವರೇ. ಅಂಟದ ಲೇಪನ ತಯಾರಿಸುವ ಕೆಮಿಸ್ಟಿಗೆ ಈ ಮಾಹಿತಿ ಬಂಗಾರ. ನಿಮ್ಮ ಊರಿನಲ್ಲಿ ಮಾತ್ರ ಸಿಗುವುದು ಏನು ಎಂದು ಮೊದಲು ಪಟ್ಟಿ ಮಾಡಿಕೊಂಡು ಆಮೇಲೆ ದೊಡ್ಡವರಿಗೆ ಮೇಲ್ ಹಾಕಿ.

ಇಬ್ಬರು ಗೈಡ್ ಇದ್ದರೆ ಪಿಎಚ್‌ಡಿ ನರಕ ಅಂತಾರೆ, ನಿಜವಾ?

ಇಬ್ಬರೂ ಮಾತಾಡಿಕೊಳ್ಳುತ್ತಿದ್ದರೆ ಅಲ್ಲ. ಐಐಎಸ್‌ಸಿಯ ಅಂತರಶಿಸ್ತೀಯ ಪಿಎಚ್‌ಡಿಗಳಲ್ಲಿ ಎರಡು ಬೇರೆ ವಿಭಾಗಗಳ ಇಬ್ಬರು ಮಾರ್ಗದರ್ಶಕರಿರುವುದೇ ಕ್ರಮ. ತಿಂಗಳಿಗೊಮ್ಮೆಯಾದರೂ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಅಲ್ಲಿ ಆದ ಮಾತನ್ನು ಅದೇ ಸಂಜೆ ಇಬ್ಬರಿಗೂ ಮೇಲ್ ಮಾಡಿ. ‘ನೀನು ಅವರನ್ನು ಕೇಳು’, ‘ಅವರೇ ಹೇಳಲಿ’ ಶುರುವಾದರೆ ತಡ ಮಾಡದೆ ಸಂಶೋಧನಾ ಸಮಿತಿಯ ಮೂರನೆಯವರಿಗೆ ತಿಳಿಸಿ.

ಸೇತುವೆಯಾಗುವ ವಿದ್ಯಾರ್ಥಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪೆರೋವ್‌ಸ್ಕೈಟ್ ಸೌರಕೋಶ ಸಾಕ್ಷಿ. ಜಪಾನಿನ ಯೊಕೊಹಾಮಾದಲ್ಲಿ ತ್ಸುತೊಮು ಮಿಯಾಸಾಕಾ ಬಣ್ಣದ ಅಣುಗಳನ್ನು ಬಳಸುವ ಸೌರಕೋಶ ಮಾಡುತ್ತಿದ್ದರು. ಅಲ್ಲಿಗೆ ಅಕಿಹಿರೊ ಕೊಜಿಮಾ ಎಂಬ ವಿದ್ಯಾರ್ಥಿ ಪೆರೋವ್‌ಸ್ಕೈಟ್ ಎಂಬ ಸ್ಫಟಿಕ ರಚನೆಯ ವಸ್ತು ತಂದರು. 2009ರಲ್ಲಿ ಸಿಕ್ಕ ದಕ್ಷತೆ ಶೇ. 3.8, ಆ ವಸ್ತುವೂ ದ್ರವ ಎಲೆಕ್ಟ್ರೊಲೈಟಿನಲ್ಲಿ ಕರಗಿಹೋಗುತ್ತಿತ್ತು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೆನ್ರಿ ಸ್ನೇತ್ ಅವರ ವಿದ್ಯಾರ್ಥಿ ಮೈಕೆಲ್ ಲೀ ಯೊಕೊಹಾಮಾಕ್ಕೆ ಹೋಗಿ ಮಾಡುವ ಬಗೆ ಕಲಿತು ಬಂದರು. 2012ರಲ್ಲಿ ಘನಸ್ಥಿತಿಯ ಕೋಶ ಶೇ. 10.9 ಕೊಟ್ಟಿತು. ಈಗ ಪ್ರಯೋಗಾಲಯದ ದಾಖಲೆ ಶೇ. 26 ದಾಟಿದೆ. ತೇವ ಮತ್ತು ಬಿಸಿಗೆ ವರ್ಷಗಟ್ಟಲೆ ತಡೆಯುವುದು ಮಾತ್ರ ಇನ್ನೂ ಬಗೆಹರಿಯದ ತಲೆನೋವು.

ಪ್ರಬಂಧದಲ್ಲಿ ಯಾರ ಹೆಸರು ಮೊದಲು?

ಕೆಲಸ ಶುರುಮಾಡುವ ದಿನವೇ ಮಾತಾಡಿ, ಪ್ರಬಂಧ ಕಳಿಸುವ ಹಿಂದಿನ ರಾತ್ರಿ ಅಲ್ಲ. ಕೆಮಿಸ್ಟ್ರಿಯಲ್ಲಿ ಗೈಡ್ ಹೆಸರು ಕೊನೆಗೆ, ಗಣಿತದ ಕಡೆ ಹೋದರೆ ಅಕ್ಷರಕ್ರಮ, ಹೀಗೆ ಒಂದೊಂದು ಕೇರಿಗೆ ಒಂದೊಂದು ರೂಢಿ. ಯಾರು ಏನು ಮಾಡಿದರು ಎಂದು 14 ಬಗೆಯ ಪಾತ್ರಗಳಲ್ಲಿ ಹೇಳುವ ಕ್ರೆಡಿಟ್ ಪದ್ಧತಿಯನ್ನು ಈಗ ಹಲವು ಪತ್ರಿಕೆಗಳು ಕೇಳುತ್ತವೆ. ಆ ಪಟ್ಟಿಯನ್ನು ಮೊದಲೇ ತುಂಬಿ ನೋಡಿದರೆ ಬೇಸರಗಳು ಬಹಳ ತಪ್ಪುತ್ತವೆ. ಒಂದು ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಚಿತ್ರ ತೆಗೆದುಕೊಟ್ಟವರಿಗೆಲ್ಲ ಲೇಖಕತ್ವ ಕೊಡಬೇಕಿಲ್ಲ. ಆದರೆ ಆ ಚಿತ್ರದಲ್ಲಿ ಏನಿದೆ ಎಂದು ಅವರೇ ಬಿಡಿಸಿ ಹೇಳಿದ್ದರೆ ಬರೀ ಕೃತಜ್ಞತೆ ಹೇಳಿ ಜಾರಿಕೊಳ್ಳುವುದು ತಪ್ಪು.

ಪೇಟೆಂಟ್?

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕೋಬಾಲ್ಟ್ ಆಕ್ಸೈಡಿಗೆ ಪೇಟೆಂಟ್ ತೆಗೆಸಲು ಮುಂದೆ ಬರಲಿಲ್ಲ. ಹತ್ತಿರದ ಹಾರ್ವೆಲ್‌ನ ಪರಮಾಣು ಸಂಶೋಧನಾ ಸಂಸ್ಥೆ ಮುಂದೆ ಬಂತು, ಗುಡ್‌ಇನಫ್ ಹಕ್ಕು ಬರೆದುಕೊಟ್ಟರು. ಅವರಿಗೆ ಅದರಿಂದ ರಾಯಲ್ಟಿ ಬರಲಿಲ್ಲ. ಎಲ್‌ಎಫ್‌ಪಿ ವಿಷಯದಲ್ಲಿ ಇನ್ನೂ ಕಹಿ: ಜಪಾನಿನ ಒಂದು ಕಂಪನಿಯಿಂದ ಆಸ್ಟಿನ್‌ಗೆ ಬಂದಿದ್ದ ಅತಿಥಿ ಸಂಶೋಧಕರ ಮೂಲಕ ವಿಷಯ ಹೊರಹೋಯಿತು ಎಂದು ಟೆಕ್ಸಸ್ ವಿಶ್ವವಿದ್ಯಾಲಯ ಮೊಕದ್ದಮೆ ಹೂಡಿತು. ವರ್ಷಗಟ್ಟಲೆ ನಡೆದು ರಾಜಿಯಲ್ಲಿ ಮುಗಿಯಿತು. ಹೊರಗಿನವರು ಲ್ಯಾಬಿಗೆ ಬರುವ ಮೊದಲೇ ಒಂದು ಪುಟದ ಒಪ್ಪಂದ ಇರಲಿ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ಸಮ್ಮೇಳನದಲ್ಲಿ ಪೋಸ್ಟರ್ ಅಂಟಿಸಬೇಡಿ, ಭಾರತದಲ್ಲಿ ಹೊಸತನ ಅಲ್ಲೇ ಹೋಗಿಬಿಡುವ ಅಪಾಯ ಇದೆ.

ಸರ್ಕಾರಗಳು ಕೋಟಿಗಟ್ಟಲೆ ಹಾಕಿ ಕಟ್ಟುವ ದೊಡ್ಡ ಕೇಂದ್ರಗಳಿಂದ ಉಪಯೋಗ ಆಗಿದೆಯೇ?

ಹೇಳಿದ್ದಷ್ಟು ಆಗಿಲ್ಲ, ಹೇಳದೇ ಇದ್ದದ್ದು ಆಗಿದೆ. ಅಮೆರಿಕ 2012ರಲ್ಲಿ ಷಿಕಾಗೊ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ನೇತೃತ್ವದಲ್ಲಿ ಜೆಸಿಇಎಸ್‌ಆರ್ ಎಂಬ ಬ್ಯಾಟರಿ ಕೇಂದ್ರ ಶುರುಮಾಡಿತು. ಐದು ಪಟ್ಟು ಶಕ್ತಿ, ಐದನೇ ಒಂದು ಭಾಗ ಬೆಲೆ, ಐದು ವರ್ಷದಲ್ಲಿ ಎನ್ನುವುದು ಘೋಷಣೆ. ಅದು ಈಡೇರಲಿಲ್ಲ. ಸಾವಿರಾರು ಅಣುಗಳನ್ನು ಲ್ಯಾಬಿಗೆ ತರುವ ಮೊದಲೇ ಕಂಪ್ಯೂಟರಿನಲ್ಲಿ ಸೋಸುವ ಪದ್ಧತಿ ಮಾತ್ರ ಅಲ್ಲಿ ಗಟ್ಟಿಯಾಯಿತು. 2011ರಲ್ಲಿ ಶುರುವಾದ ಮೆಟೀರಿಯಲ್ಸ್ ಪ್ರಾಜೆಕ್ಟ್ ಎಂಬ ಉಚಿತ ಮಾಹಿತಿ ಕೋಶವನ್ನು ಇವತ್ತು ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿಯೂ ತೆರೆದು ನೋಡಬಹುದು. ಲ್ಯಾಬ್ ಇಲ್ಲ ಎನ್ನುವವರಿಗೆ ಇದು ಇನ್ನೊಂದು ಬಾಗಿಲು.

ಬ್ರಿಟನ್ 2017ರಲ್ಲಿ ಫ್ಯಾರಡೆ ಇನ್‌ಸ್ಟಿಟ್ಯೂಶನ್ ಕಟ್ಟಿತು. ಏಳು ವಿಶ್ವವಿದ್ಯಾಲಯಗಳು ಸೇರಿ ಆರಂಭಿಸಿದವು. ಒಂದು ಯೋಜನೆ ಬ್ಯಾಟರಿ ಯಾಕೆ ಮುದಿಯಾಗುತ್ತದೆ ಎಂದು ನೋಡಿದರೆ, ಇನ್ನೊಂದು ಗಣಿತದ ಮಾದರಿ ಕಟ್ಟುತ್ತದೆ, ಮತ್ತೊಂದು ಹಳೆ ಬ್ಯಾಟರಿಯಿಂದ ಲೋಹ ಹಿಂಪಡೆಯುತ್ತದೆ. ಮೊದಲ ಮುಖ್ಯ ವಿಜ್ಞಾನಿ, 1983ರ ಪ್ರಬಂಧದಲ್ಲಿದ್ದ ಅದೇ ಪೀಟರ್ ಬ್ರೂಸ್. ಕಚೇರಿ ಇರುವುದು ಹಾರ್ವೆಲ್‌ನಲ್ಲಿ. ದೇಶದಲ್ಲೇ ಹುಟ್ಟಿದ ಬ್ಯಾಟರಿಯನ್ನು ಜಪಾನ್ ಮಾರಿ ದುಡ್ಡು ಮಾಡಿದ್ದನ್ನು ಬ್ರಿಟಿಷರು ಮರೆತಿಲ್ಲ ಅನ್ನಿಸುತ್ತದೆ.

ಯಾವಾಗ ಬೇಡ ಎನ್ನಬೇಕು?

ನಿಮ್ಮ ಹೆಸರನ್ನು ಪ್ರಪೋಸಲ್ಲಿನ ಪಟ್ಟಿ ಉದ್ದ ಮಾಡಲಷ್ಟೇ ಕೇಳಿದಾಗ. ನಿಮ್ಮ ಪ್ರಶ್ನೆಗೆ ಅವರ ಅಳತೆಯಿಂದ ಉತ್ತರ ಸಿಗದು ಎಂದು ಗೊತ್ತಿದ್ದಾಗ. ಸಂಶೋಧನೆಯ ಹೆಸರಿನಲ್ಲಿ ನಿಮ್ಮ ವಿದ್ಯಾರ್ಥಿಯನ್ನು ಪುಕ್ಕಟೆ ಟೆಕ್ನಿಷಿಯನ್ ಮಾಡಿಕೊಂಡಾಗ. ಮತ್ತು ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಸುಮ್ಮನೆ ಐದು ಜನ ಕೂರುವ ಅಗತ್ಯ ಇಲ್ಲ. ಎಲ್ಲ ಸಂಶೋಧನೆಯೂ ಅಂತರಶಿಸ್ತೀಯ ಆಗಲೇಬೇಕು ಎನ್ನುವ ಈಗಿನ ಹಟ ನನಗೆ ಹಿಡಿಸುವುದಿಲ್ಲ.

ಇಂಥ ಪಿಎಚ್‌ಡಿ ಮಾಡಿದವರಿಗೆ ಕೆಲಸ ಸಿಗುತ್ತದೆಯೇ?

ಕಂಪನಿಗಳಲ್ಲಿ ಸಿಗುತ್ತದೆ. ಸೆಲ್ ಪರೀಕ್ಷೆ, ಬ್ಯಾಟರಿ ಪ್ಯಾಕ್, ಸೋಲಾರ್ ಮಾಡ್ಯೂಲ್ ಗುಣಮಟ್ಟ ನೋಡುವ ಕಡೆ ಎರಡು ವಿಷಯಗಳ ಭಾಷೆ ಬಲ್ಲವರನ್ನು ಹುಡುಕುತ್ತಾರೆ. ತಮಿಳುನಾಡಿನ ಕಾರೈಕುಡಿಯ ಕೇಂದ್ರ ಎಲೆಕ್ಟ್ರೊಕೆಮಿಕಲ್ ಸಂಶೋಧನಾ ಸಂಸ್ಥೆಯಂಥ ಕಡೆಯೂ ದಾರಿ ಇದೆ. ತೊಡಕು ಬರುವುದು ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿಯಲ್ಲೇ. ಅಧಿಸೂಚನೆಯಲ್ಲಿ ‘ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ’ ಎಂದಿರುತ್ತದೆ, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಒಂದು ವಿಷಯದಲ್ಲಿ, ಪಿಎಚ್‌ಡಿ ಇನ್ನೊಂದರಲ್ಲಿ ಆದರೆ ಪರಿಶೀಲನೆಯಲ್ಲಿ ಪ್ರಶ್ನೆ ಏಳುತ್ತದೆ. ಬೋಧನೆಗೇ ಬರುವ ಆಸೆ ಇದ್ದರೆ ನಿಮ್ಮ ಎಂ.ಎಸ್ಸಿ. ವಿಷಯದಲ್ಲೇ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪಾಸು ಮಾಡಿಕೊಳ್ಳಿ, ಪಿಎಚ್‌ಡಿ ನೋಂದಣಿ ಯಾವ ವಿಭಾಗದ ಹೆಸರಿನಲ್ಲಿ ಆಗುತ್ತದೆ ಎಂದು ಸೇರುವ ಮೊದಲೇ ಕೇಳಿ, ಸಾಧ್ಯವಾದರೆ ಲಿಖಿತದಲ್ಲಿ ತಗೊಳ್ಳಿ.